ಹಣ್ಣನ್ನು ನೋಯಿಸದ ಮೂರು ಬೆರಳು: ಸಿಲಿಕೋನ್ ಗ್ರಿಪ್ಪರ್ ಕಟ್ಟಿದ ದಾಖಲೆ

ಬೆಲ್ಟಿನ ಮೇಲೆ ಸಾಗಿ ಬರುವ ಟೊಮೆಟೊಗಳನ್ನು ಒಂದೊಂದಾಗಿ ಎತ್ತಿ, ಬಣ್ಣ ನೋಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಮೂರು ತಟ್ಟೆಗಳಿಗೆ ಹಂಚುವ ಯಂತ್ರವೊಂದನ್ನು ಕಟ್ಟಲು ಹೊರಟಾಗ, ತೋಳು ಮತ್ತು ಕ್ಯಾಮೆರಾ ಇವೆರಡೇ ಕಷ್ಟದ ಭಾಗಗಳೆಂದು ನಾನು ಎಣಿಸಿದ್ದೆ. ಅವು ಹೆಚ್ಚು ತೊಂದರೆ ಕೊಡದೆ ಮುಗಿದವು. ಏಳು ತಿಂಗಳು ತೆಗೆದುಕೊಂಡದ್ದು ತೋಳಿನ ತುದಿಯಲ್ಲಿ ಕೂತು ಹಣ್ಣನ್ನು ಮುಟ್ಟಿ ಹಿಡಿಯುವ, ಅಂಗೈಯಷ್ಟೇ ಅಗಲದ ಭಾಗ, ಅಂದರೆ ಗ್ರಿಪ್ಪರ್. ಮೊದಲು ಅಲ್ಲಿ ಸರ್ವೋ ಮೋಟಾರಿನಿಂದ ಕೂಡಿ ತೆರೆಯುವ ಎರಡು ಗಟ್ಟಿ ದವಡೆಗಳಿದ್ದವು. ಅವುಗಳ ಒಳಮೈಗೆ ಸ್ಪಂಜು ಅಂಟಿಸಿದ್ದೆ. ಒಂದೇ ಬುಟ್ಟಿಯ ಹಣ್ಣುಗಳ ವ್ಯಾಸ 45 ಮಿ.ಮೀ.ನಿಂದ 80 ಮಿ.ಮೀ.ವರೆಗೆ ಬದಲಾಗುತ್ತಿದ್ದುದರಿಂದ, ಚಿಕ್ಕದಕ್ಕೆ ಹೊಂದಿಸಿದ ಹಿಡಿತ ದೊಡ್ಡದನ್ನು ಜಜ್ಜುತ್ತಿತ್ತು, ದೊಡ್ಡದಕ್ಕೆ ಹೊಂದಿಸಿದ ಹಿಡಿತದಿಂದ ಚಿಕ್ಕದು ಜಾರಿ ಬೀಳುತ್ತಿತ್ತು. ಪ್ರತಿ ಹಣ್ಣಿಗೂ ಬೇರೆ ಅಳತೆಯನ್ನು ಲೆಕ್ಕಹಾಕುವ ಬದಲು, ಹಣ್ಣಿನ ಆಕಾರಕ್ಕೆ ತಾನೇ ಒಗ್ಗಿಕೊಳ್ಳುವ ಬೆರಳು ಬೇಕೆಂದು ನಿರ್ಧರಿಸಿದೆ. ಆ ಬೆರಳುಗಳನ್ನು ಕಟ್ಟಿದ, ಹರಿದುಕೊಂಡ, ಮತ್ತೆ ಕಟ್ಟಿದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೃದುವಾಗಿ ಹಿಡಿಯುವ ದಾರಿಗಳು ಹಲವಿವೆ, ಯಾವುದನ್ನೂ ಪರೀಕ್ಷಿಸದೆ ಬಿಡಲು ಮನಸ್ಸಾಗಲಿಲ್ಲ. ನಿರ್ವಾತದ ಬಟ್ಟಲು ಟೊಮೆಟೊದ ನುಣುಪು ಸಿಪ್ಪೆಯ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಮುಂದೆ ಸ್ಟ್ರಾಬೆರಿಯನ್ನೂ ಎತ್ತಬೇಕೆಂಬ ಆಸೆಯಿದ್ದುದರಿಂದ, ಬೀಜಗಳ ಕುಳಿಗಳ ನಡುವೆ ಗಾಳಿ ಸೋರುವ ಆ ಉಪಾಯವನ್ನು ಕೈಬಿಟ್ಟೆ. ರಬ್ಬರ್ ಚೀಲದಲ್ಲಿ ಕಾಫಿಪುಡಿಯಂಥ ಕಾಳುಗಳನ್ನು ತುಂಬಿ, ವಸ್ತುವಿನ ಮೇಲೆ ಒತ್ತಿ, ಗಾಳಿಯನ್ನು ಹೀರಿದಾಗ ಆ ಚೀಲ ಗಟ್ಟಿಯಾಗಿ ವಸ್ತುವನ್ನು ಹಿಡಿದುಕೊಳ್ಳುವ ಗ್ರಿಪ್ಪರನ್ನು ಕಾರ್ನೆಲ್ ಮತ್ತು ಶಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಐರೋಬಾಟ್ ಸಂಸ್ಥೆಯವರೊಡನೆ ಸೇರಿ 2010ರಲ್ಲಿ ಪ್ರಕಟಿಸಿದರು. ಅದು ಬಹಳ ಚೆಲುವಾದ ಕಲ್ಪನೆ, ಆದರೆ ಹಿಡಿಯುವ ಮೊದಲು ಮೇಲಿನಿಂದ ಒತ್ತಲೇಬೇಕಾದ ಸಾಧನ ಕಳಿತ ಹಣ್ಣಿಗೆ ಹೊಂದುವುದಿಲ್ಲ. ಮೀನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿದಾಗ ಅದು ದೂರ ಸರಿಯದೆ ಬೆರಳಿನ ಕಡೆಗೇ ಬಾಗುವುದನ್ನು ಲೈಫ್ ಕ್ನೀಸೆ 1997ರಲ್ಲಿ ಗಮನಿಸಿದ್ದರಿಂದ ಹುಟ್ಟಿದ ಫಿನ್ ರೇ ಬೆರಳುಗಳನ್ನೂ 3ಡಿ ಪ್ರಿಂಟರಿನಲ್ಲಿ ಮುದ್ರಿಸಿ ನೋಡಿದೆ. ಅವು ಆಕಾರಕ್ಕೆ ಒಗ್ಗುತ್ತವೆ, ಆದರೂ ಹಿಂದಿನಿಂದ ತಳ್ಳುವ ಮೋಟಾರು ಎಲ್ಲಿ ನಿಲ್ಲಬೇಕೆಂಬ ಹಳೆಯ ಪ್ರಶ್ನೆ ಹಾಗೆಯೇ ಉಳಿಯಿತು.

ಕೊನೆಗೆ ಆರಿಸಿಕೊಂಡದ್ದು ಗಾಳಿಯಿಂದ ಬಾಗುವ ಸಿಲಿಕೋನ್ ಬೆರಳು. 1990ರ ದಶಕದ ಆರಂಭದಲ್ಲಿಯೇ ಜಪಾನಿನ ಕೊಯಿಚಿ ಸುಜುಮೋರಿ ಮೂರು ಗಾಳಿಕೋಣೆಗಳ ಪುಟ್ಟ ರಬ್ಬರ್ ಬೆರಳುಗಳನ್ನು ಮಾಡಿ ತೋರಿಸಿದ್ದರು. ಸಾಲಾಗಿ ಜೋಡಿಸಿದ ಕೋಣೆಗಳ ಈಗಿನ ಮಾದರಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ಗುಂಪಿನಿಂದ 2011ರಲ್ಲಿ ಬಂದಿತು. ಬೆರಳಿನ ಬೆನ್ನಿನ ಮೇಲೆ ಟೊಳ್ಳು ಕೋಣೆಗಳ ಸಾಲು, ಹೊಟ್ಟೆಯ ಕಡೆಗೆ ಹಿಗ್ಗದ ಒಂದು ಪದರ. ಗಾಳಿ ತುಂಬಿದಾಗ ಬೆನ್ನು ಉದ್ದವಾಗುತ್ತದೆ, ಹೊಟ್ಟೆ ಉದ್ದವಾಗಲಾರದು, ಆದ್ದರಿಂದ ಬೆರಳು ಹೊಟ್ಟೆಯ ಕಡೆಗೆ ಮಡಿಯುತ್ತದೆ. ಅದೇ ಗುಂಪು 2014ರಲ್ಲಿ ಪ್ರಕಟಿಸಿದ ಸುಧಾರಿತ ರೂಪದಲ್ಲಿ ಕೋಣೆಗಳ ನಡುವೆ ಸೀಳಿನಂಥ ಸಂದು ಬಿಟ್ಟಿರುತ್ತಾರೆ. ಎದುರುಬದುರಾದ ತೆಳುಗೋಡೆಗಳು ಉಬ್ಬಿ ಒಂದನ್ನೊಂದು ತಳ್ಳುವುದರಿಂದ ಕಡಿಮೆ ಗಾಳಿಗೇ ಬೆರಳು ಬೇಗ ಬಾಗುತ್ತದೆ. ನಾನು ಇದನ್ನೇ ಅನುಸರಿಸಿದೆ. ನನ್ನ ಬೆರಳಿನ ಉದ್ದ 95 ಮಿ.ಮೀ., ಅಗಲ 20 ಮಿ.ಮೀ., ಕೋಣೆಗಳು ಒಂಬತ್ತು, ಪರಸ್ಪರ ತಳ್ಳುವ ಗೋಡೆಗಳ ದಪ್ಪ 1.2 ಮಿ.ಮೀ., ಉಳಿದ ಗೋಡೆಗಳದ್ದು 2.5 ಮಿ.ಮೀ.

ಹಸಿ ಸಿಲಿಕೋನ್ ಎರೆದು ಬೆರಳು ಮಾಡುವ ಮೊದಲ ಅಚ್ಚನ್ನು, ದ್ರವ ರೆಸಿನನ್ನು ಬೆಳಕಿನಿಂದ ಗಟ್ಟಿಮಾಡುತ್ತಾ ಹೋಗುವ ರೆಸಿನ್ ಪ್ರಿಂಟರಿನಲ್ಲಿ ಮುದ್ರಿಸಿದೆ, ಏಕೆಂದರೆ ಅದರ ಮೈ ಗಾಜಿನಷ್ಟು ನುಣುಪಾಗಿ ಬರುತ್ತದೆ. ಹದಿನಾರು ಗಂಟೆಗಳ ನಂತರ ಅಚ್ಚು ಬಿಚ್ಚಿದಾಗ ಸಿಲಿಕೋನ್ ಒಳಗೆ ಗಟ್ಟಿಯಾಗಿತ್ತು, ಅಚ್ಚಿಗೆ ತಾಗಿದ ಮೈ ಮಾತ್ರ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತಿತ್ತು. ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನಿಗೆ ಗಂಧಕ, ತವರದ ಸಂಯುಕ್ತಗಳು, ಅಮೀನುಗಳು ಮತ್ತು ಪೂರ್ತಿ ಗಟ್ಟಿಯಾಗದ ರೆಸಿನ್ ಎಲ್ಲವೂ ವಿಷವಿದ್ದಂತೆ. ಅವು ಪ್ಲಾಟಿನಂ ಅನ್ನು ಕಟ್ಟಿಹಾಕಿ ಕ್ರಿಯೆಯನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತವೆ. ಅಚ್ಚನ್ನು ಆಲ್ಕೊಹಾಲಿನಲ್ಲಿ ತೊಳೆದು, ನೇರಳಾತೀತ ಬೆಳಕಿನಲ್ಲಿ ಎರಡು ಗಂಟೆ ಇಟ್ಟು ಮತ್ತೆ ಎರೆದರೂ ಅಂಟು ಹೋಗಲಿಲ್ಲ. ಲೇಟೆಕ್ಸ್ ಕೈಗವಸಿನಲ್ಲಿ ಗಂಧಕವಿರುವುದರಿಂದ ಅದರಿಂದಲೂ ಇದೇ ತೊಂದರೆ ಬರುತ್ತದೆ. ಅಂದಿನಿಂದ ನೈಟ್ರೈಲ್ ಕೈಗವಸನ್ನೇ ಬಳಸುತ್ತಿದ್ದೇನೆ. ಎರಡನೆಯ ಅಚ್ಚನ್ನು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ತಂತುವಿನಿಂದ 0.1 ಮಿ.ಮೀ. ಪದರದಲ್ಲಿ ಮುದ್ರಿಸಿದೆ. ಅಂಟಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುವುದರಿಂದ ಅಚ್ಚನ್ನು ಒಲೆಯಲ್ಲಿಟ್ಟು ಅವಸರಪಡಿಸಲು ಬರುವುದಿಲ್ಲ, ಕೋಣೆಯ ಉಷ್ಣತೆಯಲ್ಲಿಯೇ ಕಾಯಬೇಕು.

ಸಿಲಿಕೋನಿನ ಎರಡು ಭಾಗಗಳನ್ನು ತೂಕದಲ್ಲಿ ಸಮಸಮ ಬೆರೆಸಿ, ತಳ ಮತ್ತು ಅಂಚುಗಳನ್ನು ಕೆರೆಯುತ್ತಾ ಮೂರು ನಿಮಿಷ ಕಲಸಿ, ನಿರ್ವಾತದ ಪಾತ್ರೆಯಲ್ಲಿ ಇಡುತ್ತೇನೆ. ಗಾಳಿ ಹೀರುತ್ತಿದ್ದಂತೆ ಮಿಶ್ರಣ ಉಕ್ಕುವ ಹಾಲಿನಂತೆ ಏರುತ್ತದೆ, ಮೂರು ನಾಲ್ಕು ಪಟ್ಟು ಉಬ್ಬಿ ಒಮ್ಮೆಲೇ ಕುಸಿಯುತ್ತದೆ. ಕುಸಿದ ಮೇಲೆ ಇನ್ನೂ ಎರಡು ನಿಮಿಷ ಬಿಟ್ಟರೆ ಗುಳ್ಳೆಗಳು ಉಳಿಯುವುದಿಲ್ಲ. ಮಿಶ್ರಣ ಇಷ್ಟು ಉಬ್ಬುವುದರಿಂದ ಬಟ್ಟಲಿನ ಕಾಲುಭಾಗಕ್ಕಿಂತ ಹೆಚ್ಚು ತುಂಬಬಾರದು. ಅಚ್ಚಿನ ಒಂದು ಮೂಲೆಯಿಂದ ದಾರದಷ್ಟು ತೆಳುವಾಗಿ ಎರೆದರೆ ಮಿಶ್ರಣವು ಗಾಳಿಯನ್ನು ಮುಂದೆ ತಳ್ಳುತ್ತಾ ತಾನೇ ಹರಡಿಕೊಳ್ಳುತ್ತದೆ. 1.2 ಮಿ.ಮೀ. ಗೋಡೆಯಲ್ಲಿ ಒಂದು ಗುಳ್ಳೆ ಉಳಿದರೂ ಮೊದಲ ಉಬ್ಬಿನಲ್ಲಿಯೇ ಅಲ್ಲಿ ಹರಿಯುತ್ತದೆ.

ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೇಲಿನ ಕೋಣೆಗಳ ಭಾಗ ಮತ್ತು ತಳದ ಪದರ ಕೂಡುವ ಬೆಸುಗೆ. ಕೋಣೆಗಳ ಭಾಗವನ್ನು ಮೊದಲು ಎರೆದು ಗಟ್ಟಿಮಾಡಿ, ತಳಕ್ಕೆ ಹಸಿ ಸಿಲಿಕೋನ್ ಸುರಿದು, ಅದರ ಮೇಲೆ ಇದನ್ನು ಕೂರಿಸುವುದು ಎಲ್ಲರೂ ಹೇಳುವ ವಿಧಾನ. ಮೊದಲ ಬೆರಳಿನಲ್ಲಿ ತಳದ ಹಸಿ ಪದರ ದಪ್ಪವಾಗಿತ್ತು. ಅದು ಕೋಣೆಗಳನ್ನು ಕೂಡಿಸುವ 2 ಮಿ.ಮೀ. ಕಾಲುವೆಯೊಳಗೆ ಏರಿ ಗಟ್ಟಿಯಾಯಿತು. ಗಾಳಿ ತುಂಬಿದರೆ ಬುಡದ ಎರಡು ಕೋಣೆಗಳು ಮಾತ್ರ ಉಬ್ಬಿದವು, ಉಳಿದ ಏಳು ಅಲುಗಲಿಲ್ಲ. ಎರಡನೆಯ ಸಲ ಹಸಿ ಪದರ ಅರ್ಧ ಗಟ್ಟಿಯಾಗುವವರೆಗೆ ಕಾದೆ. ಕಾಲುವೆ ತೆರೆದೇ ಉಳಿಯಿತು, ಬೆಸುಗೆ ಕೂಡಲಿಲ್ಲ. ನೀರಿನಲ್ಲಿ ಮುಳುಗಿಸಿ 10 ಕಿಲೋಪ್ಯಾಸ್ಕಲ್ ಒತ್ತಡದ ಗಾಳಿ ಬಿಟ್ಟಾಗ ಬೆರಳಿನ ಅಂಚಿನುದ್ದಕ್ಕೂ ಮುತ್ತು ಪೋಣಿಸಿದಂತೆ ಗುಳ್ಳೆಗಳು ಎದ್ದವು.

ಮೂರನೆಯ ಸಲದಿಂದ ಅಳತೆಗೆ ಮೊರೆಹೋದೆ. ತಳದ ಪದರವನ್ನು ಎರಡು ಹಂತಗಳಲ್ಲಿ ಎರೆದೆ: ಮೊದಲು 1.5 ಮಿ.ಮೀ. ಪದರವನ್ನು ಪೂರ್ತಿ ಗಟ್ಟಿಯಾಗಲು ಬಿಟ್ಟು, ಅದರ ಮೇಲೆ ಅಂಟಿನ ಕೆಲಸಕ್ಕೆಂದು ಕೇವಲ 0.6 ಮಿ.ಮೀ. ಹೊಸ ಪದರವನ್ನು ಚಾಕುಪಟ್ಟಿಯಿಂದ ಎಳೆದೆ. ಕಡ್ಡಿಯಿಂದ ಮುಟ್ಟಿ ಎತ್ತಿದಾಗ ಮಿಶ್ರಣ ಹನಿಯಾಗಿ ಬೀಳದೆ ನೂಲಿನಂತೆ ಎಳೆಯುವ ಹದ ಬಂದೊಡನೆ ಮೇಲಿನ ಭಾಗವನ್ನು ಕೂರಿಸಿದೆ. ನಾನು ಬಳಸುವ ಸಿಲಿಕೋನಿನಲ್ಲಿ ಈ ಹದ ಬೆರೆಸಿದ ಸುಮಾರು ಇಪ್ಪತ್ತೆರಡನೆಯ ನಿಮಿಷಕ್ಕೆ ಬರುತ್ತದೆ. ಗೋಡೆಯ ಅಡಿ ಮುಳುಗುವಷ್ಟು ಹಸಿ, ಕಾಲುವೆಗೆ ಏರಲಾರದಷ್ಟು ಬಿಗಿ. ಈ ಬೆರಳು ಸೋರಲಿಲ್ಲ. ಆದರೆ ಇನ್ನೂರು ಬಾರಿ ಬಾಗಿಸುವಷ್ಟರಲ್ಲಿ ತುದಿಯ ಕೋಣೆಯ ಮೂಲೆಯಲ್ಲಿ ಬೆಸುಗೆ ಬಾಯಿಬಿಟ್ಟಿತು.

ಬಾಯಿಬಿಟ್ಟ ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕೂತಾಗ ಕಾರಣ ಹೊಳೆಯಿತು. ಅಂಟಿಸಿದ ಕಾಗದದ ಪಟ್ಟಿಯನ್ನು ಉದ್ದಕ್ಕೆ ಎಳೆದರೆ ಅಂಟು ತಡೆದುಕೊಳ್ಳುತ್ತದೆ, ಒಂದು ತುದಿಯಿಂದ ಮೇಲಕ್ಕೆ ಸುಲಿದರೆ ಸುಲಭವಾಗಿ ಬಿಡುತ್ತದೆ. ಕೋಣೆ ಉಬ್ಬಿದಾಗ ಗೋಡೆಯ ಬುಡ ಹೊರಕ್ಕೆ ತಿರುಗಿ ತಳವನ್ನು ಮೂಲೆಯಿಂದ ಸುಲಿಯುತ್ತಿತ್ತು. ಬಲವೆಲ್ಲ ಕೂದಲೆಳೆಯಷ್ಟು ಅಗಲದ ಒಂದೇ ಗೆರೆಯ ಮೇಲೆ ಬೀಳುತ್ತಿತ್ತು. ಅಂಟನ್ನು ಇನ್ನಷ್ಟು ಬಲಪಡಿಸಿ ಪ್ರಯೋಜನವಿರಲಿಲ್ಲ, ಬಲ ಬೀಳುವ ದಿಕ್ಕನ್ನೇ ಬದಲಿಸಬೇಕಾಗಿತ್ತು. ಕೋಣೆಗಳ ಭಾಗಕ್ಕೆ ಸುತ್ತಲೂ 3 ಮಿ.ಮೀ. ಅಗಲದ ಅಂಚುಪಟ್ಟಿ ಕೊಟ್ಟು, ತಳದ ಸಿಲಿಕೋನ್ ಆ ಅಂಚನ್ನು ಬಳಸಿ ಪಕ್ಕಗಳಲ್ಲಿ 2 ಮಿ.ಮೀ. ಮೇಲೇರುವಂತೆ ಅಚ್ಚನ್ನು ತಿದ್ದಿದೆ. ಈಗ ಬೆರಳು ಉಬ್ಬಿದರೆ ಬೆಸುಗೆಯ ಮೈಗಳು ಒಂದರ ಮೇಲೊಂದು ಜಾರುವ ದಿಕ್ಕಿನಲ್ಲಿ ಎಳೆಯಲ್ಪಡುತ್ತವೆ, ಸುಲಿಯಲ್ಪಡುವುದಿಲ್ಲ. ಆಮೇಲೆ ಎರೆದ ಹನ್ನೊಂದು ಬೆರಳುಗಳಲ್ಲಿ ಒಂದೂ ಬೆಸುಗೆಯಲ್ಲಿ ಬಿಟ್ಟಿಲ್ಲ. ಮೇಣದ ಒಳಅಚ್ಚಿಟ್ಟು ಎರೆದು, ಮೇಣವನ್ನು ಕರಗಿಸಿ ತೆಗೆದರೆ ಬೆಸುಗೆಯೇ ಬೇಡವೆಂಬುದು ನಿಜ. ಆದರೆ ಆಹಾರ ಮುಟ್ಟುವ ಬೆರಳಿನೊಳಗೆ ಮೇಣದ ಉಳಿಕೆ ಇರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹೊಟ್ಟೆಯ ಕಡೆಯ ಹಿಗ್ಗದ ಪದರಕ್ಕೆ ಆರಂಭದಲ್ಲಿ ಕಾಗದ ಹುದುಗಿಸಿದ್ದೆ. ಮೇಜಿನ ಮೇಲಿನ ಪ್ರಯೋಗಕ್ಕೆ ಅದು ಸಾಕು. ಒಂದು ಬೆರಳಿಗೆ ಎಲ್ಲಿಯೋ ಚಿಕ್ಕ ಗೀರು ಬಿದ್ದು, ತೊಳೆಯುವ ನೀರು ಒಳಗೆ ಇಳಿದು, ಒಂದು ವಾರದಲ್ಲಿ ಸಿಲಿಕೋನಿನ ಕೆಳಗೆ ಕಪ್ಪು ಬೂಷ್ಟಿನ ಚುಕ್ಕೆಗಳು ಕಾಣಿಸಿಕೊಂಡ ದಿನ ಕಾಗದವನ್ನು ಪೂರ್ತಿಯಾಗಿ ಬಿಟ್ಟೆ. ಈಗ ಪಾಲಿಯೆಸ್ಟರ್ ಜಾಲಿಬಟ್ಟೆಯನ್ನು ಬಳಸುತ್ತೇನೆ: ನೀರನ್ನು ಹೀರುವುದಿಲ್ಲ, ಜಾಲಿಯ ಕಣ್ಣುಗಳ ಮೂಲಕ ಎರಡೂ ಬದಿಯ ಸಿಲಿಕೋನ್ ಒಂದಾಗುವುದರಿಂದ ಪದರ ಪದರವಾಗಿ ಬಿಡುವುದೂ ಇಲ್ಲ.

ಗಾಳಿಯ ವ್ಯವಸ್ಥೆಯಲ್ಲಿ ಒಂದು 12 ವೋಲ್ಟ್ ಡಯಾಫ್ರಂ ಪಂಪ್, ಒಂದು ಲೀಟರ್ ಗಾಳಿ ಸಂಗ್ರಹಿಸುವ ಡಬ್ಬಿ, ತುಂಬಲು ಒಂದು ಮತ್ತು ಖಾಲಿಮಾಡಲು ಒಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ) ವಾಲ್ವ್, ಬೆರಳುಗಳನ್ನು ಹಿಂದಕ್ಕೆ ಅರಳಿಸಲು ಒಂದು ನಿರ್ವಾತ ಪಂಪ್ ಇವೆ. ಡಯಾಫ್ರಂ ಪಂಪಿನಲ್ಲಿ ಎಣ್ಣೆಯಿಲ್ಲ. ಬೆರಳು ಒಡೆದರೆ ಒಳಗಿನ ಗಾಳಿ ನೇರವಾಗಿ ಹಣ್ಣಿನ ಮೇಲೆ ಬೀಳುವುದರಿಂದ ಇದು ಮುಖ್ಯ. ಪ್ರತಿ ವಾಲ್ವಿನ ಸುರುಳಿಗೂ ಅಡ್ಡಲಾಗಿ 1ಎನ್4007 ಡಯೋಡ್ ಹಾಕದಿದ್ದರೆ ಆರಿಸುವಾಗ ಏಳುವ ವೋಲ್ಟೇಜು ವಾಲ್ವನ್ನು ನಡೆಸುವ ಟ್ರಾನ್ಸಿಸ್ಟರನ್ನು ಸುಡುತ್ತದೆ. ಒತ್ತಡ ಅಳೆಯಲು ಎಂಪಿಎಕ್ಸ್ 5100 ಸೆನ್ಸರ್ ಇದೆ: 5 ವೋಲ್ಟ್ ಕೊಟ್ಟಾಗ ಸೊನ್ನೆ ಒತ್ತಡಕ್ಕೆ 0.2 ವೋಲ್ಟ್, 100 ಕಿಲೋಪ್ಯಾಸ್ಕಲ್‌ಗೆ 4.7 ವೋಲ್ಟ್, ಅಂದರೆ ಕಿಲೋಪ್ಯಾಸ್ಕಲ್ ಒಂದಕ್ಕೆ 45 ಮಿಲಿವೋಲ್ಟ್. ಪ್ರೋಗ್ರಾಂ ನಡೆಸುವ ಪುಟ್ಟ ಫಲಕವಾದ ಆರ್ಡುಯಿನೊ ಊನೊದ ಹತ್ತು ಬಿಟ್ ಅಳತೆಯಲ್ಲಿ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್ ಆಗುವುದರಿಂದ 0.11 ಕಿಲೋಪ್ಯಾಸ್ಕಲ್‌ನಷ್ಟು ಸೂಕ್ಷ್ಮ ವ್ಯತ್ಯಾಸವೂ ಕಾಣುತ್ತದೆ, ಈ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಸೆನ್ಸರ್ ಸಾಕಾಗಿತ್ತು, ಅದನ್ನು ನಾನು ಕೂರಿಸಿದ ಜಾಗ ತಪ್ಪಾಗಿತ್ತು. ವೈರು ಕಡಿಮೆಯಾಗಲೆಂದು ಅದನ್ನು ವಾಲ್ವಿನ ಪಕ್ಕದಲ್ಲಿಟ್ಟಿದ್ದೆ. ಗಾಳಿ ಹರಿಯುವಾಗ ಒಂದೂವರೆ ಮೀಟರ್ ಉದ್ದದ ಸಣ್ಣ ಕೊಳವೆಯ ಎರಡು ತುದಿಗಳ ಒತ್ತಡ ಒಂದೇ ಆಗಿರುವುದಿಲ್ಲ. ವಾಲ್ವಿನ ಬಳಿ 30 ಕಿಲೋಪ್ಯಾಸ್ಕಲ್ ಕಂಡೊಡನೆ ಪ್ರೋಗ್ರಾಂ ತುಂಬುವುದನ್ನು ನಿಲ್ಲಿಸುತ್ತಿತ್ತು. ಆಗ ಬೆರಳಿನೊಳಗೆ 19 ಮಾತ್ರ ಇರುತ್ತಿತ್ತು. ಅರ್ಧ ಸೆಕೆಂಡಿನಲ್ಲಿ ಎರಡೂ ಸಮನಾಗಿ, ಒತ್ತಡ ಇಳಿದದ್ದನ್ನು ನೋಡಿ ವಾಲ್ವ್ ಮತ್ತೆ ತೆರೆದು, ಬೆರಳುಗಳು ಹಣ್ಣನ್ನು ಹಿಡಿದು ನಡುಗುತ್ತಿದ್ದವು. ಸೆನ್ಸರನ್ನು ಬೆರಳುಗಳ ಬುಡದ ಗೂಡಿಗೇ ಒಯ್ದು, ತುಂಬುವ ಕೊಳವೆಗೆ ಸಂಬಂಧವಿಲ್ಲದ ಬೇರೆ ರಂಧ್ರದಿಂದ ಒತ್ತಡ ಅಳೆಯುವಂತೆ ಮಾಡಿದ ಮೇಲೆ ನಡುಕ ನಿಂತಿತು. ಗುರಿಯ ಎರಡೂ ಬದಿಗೆ 0.8 ಕಿಲೋಪ್ಯಾಸ್ಕಲ್ ಅಂತರ ಬಿಟ್ಟು ವಾಲ್ವುಗಳನ್ನು ತೆರೆದು ಮುಚ್ಚುವ ಸರಳ ನಿಯಂತ್ರಣವೇ ಈಗಲೂ ಇದೆ. ಅದಕ್ಕಿಂತ ಜಾಣತನದ ಲೆಕ್ಕದ ಅಗತ್ಯ ಕಾಣಲಿಲ್ಲ.

ಹೊಸ ಬೆರಳನ್ನು ಮೊದಲ ಬಾರಿ ಉಬ್ಬಿಸಿದಾಗ 30 ಕಿಲೋಪ್ಯಾಸ್ಕಲ್‌ಗೆ ಎಷ್ಟು ಬಾಗುತ್ತದೆಯೋ, ಇಪ್ಪತ್ತನೆಯ ಬಾರಿ ಅದಕ್ಕಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು ಬಾಗುತ್ತದೆ. ರಬ್ಬರನ್ನು ಮೊದಲ ಸಲ ಹಿಗ್ಗಿಸಿದಾಗ ಅದು ಸ್ವಲ್ಪ ಸಡಿಲಗೊಂಡು, ಅಷ್ಟೇ ಹಿಗ್ಗಿಗೆ ಮುಂದೆ ಕಡಿಮೆ ಬಲ ಕೇಳುವ ಈ ಗುಣಕ್ಕೆ ಮಲಿನ್ಸ್ ಪರಿಣಾಮವೆಂದು ಹೆಸರು. ಇದು ತಿಳಿಯದೆ ಹಳೆಯ ಎರಡು ಬೆರಳುಗಳ ಜೊತೆ ಹೊಸದೊಂದನ್ನು ಕೂಡಿಸಿದ್ದೆ. ಹೊಸದು ಹಿಂದುಳಿದು, ಹಣ್ಣು ಓರೆಯಾಗಿ ಜಾರುತ್ತಿತ್ತು. ಈಗ ಪ್ರತಿ ಬೆರಳನ್ನೂ ಕೆಲಸದ ಒತ್ತಡಕ್ಕಿಂತ ತುಸು ಹೆಚ್ಚಿನಲ್ಲಿ ನೂರು ಬಾರಿ ಪಳಗಿಸಿ, ಆಮೇಲೆ ತೂಕದ ಯಂತ್ರದ ಮೇಲೆ ತುದಿಯನ್ನು ಊರಿ ಒತ್ತಿಸುತ್ತೇನೆ. 28 ಕಿಲೋಪ್ಯಾಸ್ಕಲ್‌ಗೆ ಸುಮಾರು 80 ಗ್ರಾಂ ತೋರಿಸಬೇಕು, ಅಂದರೆ 0.8 ನ್ಯೂಟನ್. 150 ಗ್ರಾಂ ಹಣ್ಣನ್ನು ಸೆಕೆಂಡಿನ ವರ್ಗಕ್ಕೆ 4 ಮೀಟರ್ ವೇಗೋತ್ಕರ್ಷದಲ್ಲಿ ಮೇಲೆತ್ತಲು 2.1 ನ್ಯೂಟನ್ ಬೇಕು. ಮೂರು ಬೆರಳುಗಳ ಒತ್ತು 2.4 ನ್ಯೂಟನ್. ಬರಿಯ ಘರ್ಷಣೆಯನ್ನೇ ನಂಬಿದರೆ ಇದು ಅಂಚಿನ ಲೆಕ್ಕ. ಆದರೆ ಬೆರಳುಗಳು ಹಣ್ಣಿನ ನಡುವಿನ ಕೆಳಗೆ ಬಾಗಿ ತೊಟ್ಟಿಲಿನಂತೆ ಹೊರುವುದರಿಂದ ಅಷ್ಟು ಒತ್ತೇ ಸಾಕಾಗುತ್ತದೆ, ಮೆತ್ತನೆಯ ಬೆರಳಿನ ಹೆಚ್ಚುಗಾರಿಕೆ ಇದೇ ಎಂದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ನಲವತ್ತು ಹಣ್ಣುಗಳನ್ನು ಎತ್ತಿಸಿ ಇಡಿಸಿದೆ. ಒಂದೂ ಬೀಳಲಿಲ್ಲ, ಒಂದರ ಮೇಲೂ ಗುರುತು ಕಾಣಲಿಲ್ಲ. ಮರುದಿನ ಅವುಗಳಲ್ಲಿ ಒಂಬತ್ತು ಹಣ್ಣುಗಳ ತೊಟ್ಟಿನ ಸುತ್ತಲಿನ ಭುಜ ಮೆತ್ತಗಾಗಿತ್ತು. ಅಡ್ಡಲಾಗಿ ಕೊಯ್ದು ನೋಡಿದಾಗ ಬೀಜದ ಸುತ್ತಲಿನ ಲೋಳೆ ತಿಳಿಯಾಗಿರದೆ ಹಳದಿ ಬೆರೆತು ಮಬ್ಬಾಗಿತ್ತು. ಟೊಮೆಟೊಕ್ಕೆ ಪೆಟ್ಟು ಬಿದ್ದಾಗ ಸಿಪ್ಪೆ ಏನನ್ನೂ ಹೇಳದೆ ಒಳಗಿನ ಲೋಳೆ ಹೀಗೆ ಕೆಡುವುದುಂಟು. ಎತ್ತದೆ ಬಿಟ್ಟಿದ್ದ ಹಣ್ಣುಗಳಲ್ಲಿ ಇದು ಇರಲಿಲ್ಲ, ಆದ್ದರಿಂದ ತಪ್ಪು ನನ್ನ ಯಂತ್ರದ್ದೇ.

ಬೆರಳು ಮುಟ್ಟುವುದು ಹಣ್ಣಿನ ಪಕ್ಕ ಮತ್ತು ಅಡಿಯನ್ನು, ಗಾಯವಾದದ್ದು ಭುಜಕ್ಕೆ. ಒತ್ತಡವನ್ನು 28ರಿಂದ 22ಕ್ಕೆ ಇಳಿಸಿದರೂ ಗಾಯಗಳ ಸಂಖ್ಯೆ ಅಷ್ಟೇ ಇತ್ತು. ಕೊನೆಗೆ ಬೆರಳುಗಳ ಒಳಮೈಗೆ ನೀಲಿ ಆಹಾರಬಣ್ಣವನ್ನು, ಬೆರಳುಗಳು ಕೂಡುವ ನಡುವಿನ ಅಂಗೈಗೆ ಜೋಳದ ಪಿಷ್ಟದ ಬಿಳಿ ಪುಡಿಯನ್ನು ಸವರಿ ಹತ್ತು ಹಣ್ಣು ಎತ್ತಿಸಿದೆ. ಹತ್ತರಲ್ಲಿ ಆರು ಹಣ್ಣುಗಳ ಭುಜದ ಮೇಲೆ ಬಿಳಿಯ ಅರ್ಧಚಂದ್ರ ಮೂಡಿತ್ತು. ನಿಧಾನಗತಿಯ ವಿಡಿಯೊ ಉಳಿದದ್ದನ್ನು ತೋರಿಸಿತು. ಬೆರಳು ಸುರುಳಿಯಾಗಿ ಬಾಗುವಾಗ ಅದರ ತುದಿ ಒಳಕ್ಕೆ ಮಾತ್ರ ಬರುವುದಿಲ್ಲ, ಮೇಲಕ್ಕೂ ಏರುತ್ತದೆ. ಅದು ಹಣ್ಣನ್ನು ಅಡಿಯಿಂದ ಎತ್ತಿಕೊಂಡು ಅಂಗೈಯ ಕಡೆಗೆ ಎಳೆಯುತ್ತದೆ, ಮತ್ತು ಆ ಅಂಗೈ ಸ್ಕ್ರೂಗಳಿಂದ ಬಿಗಿದ ಗಟ್ಟಿ ಪಿಎಲ್‌ಎ ತಟ್ಟೆಯಾಗಿತ್ತು. ಏಳು ತಿಂಗಳಲ್ಲಿ ಹೆಚ್ಚಿನ ಕಾಲವನ್ನು ಬೆರಳುಗಳನ್ನು ಮೃದುವಾಗಿಸುವುದರಲ್ಲಿ ಕಳೆದಿದ್ದೆ. ಆ ಮೃದು ಬೆರಳುಗಳು ಹಣ್ಣನ್ನು ಒಯ್ದು ಪ್ರತಿ ಸಲವೂ ಗಟ್ಟಿ ತಟ್ಟೆಗೆ ಕುಟ್ಟುತ್ತಿದ್ದವು. ಆ ವಿಡಿಯೊವನ್ನು ಅಂದು ಎಷ್ಟು ಬಾರಿ ನೋಡಿದೆನೋ ಲೆಕ್ಕವಿಲ್ಲ.

ಅಂಗೈಗೆ ಶೋರ್ 00-30 ಗಡಸುತನದ, ಕೆನ್ನೆಯ ಚರ್ಮದಷ್ಟು ಮೆದುವಾದ ಸಿಲಿಕೋನಿನಿಂದ ಟೊಳ್ಳು ಗುಮ್ಮಟವೊಂದನ್ನು ಎರೆದೆ. ಮೊದಲ ಗುಮ್ಮಟ ಸುತ್ತಲೂ ಮುಚ್ಚಿತ್ತು. ಒಳಗಿನ ಗಾಳಿ ಚೆಂಡಿನಂತೆ ಪುಟಿದು ಹಣ್ಣನ್ನು ಮತ್ತೆ ಕೆಳಕ್ಕೆ ತಳ್ಳಿತು. ಪಕ್ಕದಲ್ಲಿ 2 ಮಿ.ಮೀ. ರಂಧ್ರ ಕೊರೆದ ಮೇಲೆ ಗಾಳಿ ಮೆಲ್ಲಗೆ ಹೊರಹೋಗಿ ಗುಮ್ಮಟ ಹಣ್ಣಿನ ಭುಜದ ಸುತ್ತ ತಗ್ಗಿ ಕೂರಲಾರಂಭಿಸಿತು. ಜೊತೆಗೆ ತುಂಬುವುದನ್ನು ಎರಡು ಹಂತ ಮಾಡಿದೆ: 12 ಕಿಲೋಪ್ಯಾಸ್ಕಲ್‌ಗೆ ಬೆರಳುಗಳು ಹಣ್ಣನ್ನು ಸೋಕುವಷ್ಟು ಮಾತ್ರ ಬಾಗುತ್ತವೆ, ಅಲ್ಲಿ ಕಾಲು ಸೆಕೆಂಡು ನಿಂತು, ತೋಳು 6 ಮಿ.ಮೀ. ಮೇಲೇರುತ್ತಿರುವಾಗಲೇ ಉಳಿದ ಗಾಳಿ ತುಂಬುತ್ತದೆ. ಬೆರಳು ಹಣ್ಣನ್ನು ಮೇಲೆಳೆಯುವಷ್ಟೇ ವೇಗದಲ್ಲಿ ಅಂಗೈ ಮೇಲಕ್ಕೆ ಸರಿಯುವುದರಿಂದ ಕುಟ್ಟು ತಪ್ಪುತ್ತದೆ. ಮತ್ತೆ ನಲವತ್ತು ಹಣ್ಣು ಎತ್ತಿಸಿ, ಎರಡು ದಿನ ಇಟ್ಟು, ಎಲ್ಲವನ್ನೂ ಕೊಯ್ದು ನೋಡಿದೆ. ಒಂದರ ಲೋಳೆ ಮಾತ್ರ ಮಬ್ಬಾಗಿತ್ತು, ಅದು ಬುಟ್ಟಿಯಲ್ಲಿಯೇ ಪೆಟ್ಟು ತಿಂದದ್ದೋ ಯಂತ್ರದಲ್ಲಿಯೋ ಹೇಳಲು ಬರುವಂತಿರಲಿಲ್ಲ.

ಬಣ್ಣದ ವಿಂಗಡಣೆಗೆ ಅಮೆರಿಕದ ಕೃಷಿ ಇಲಾಖೆಯ ಆರು ಹಂತಗಳ ಕ್ರಮವನ್ನು ಆಧಾರವಾಗಿ ಇಟ್ಟುಕೊಂಡೆ. ಅದರಲ್ಲಿ ಹಸಿರು ಬಿಟ್ಟ ಭಾಗ ಶೇ. 10, 30, 60, 90 ದಾಟಿದಂತೆ ಹಣ್ಣು ಮುಂದಿನ ಹಂತಕ್ಕೆ ಹೋಗುತ್ತದೆ. ನನಗೆ ಮೂರೇ ತಟ್ಟೆಗಳಿದ್ದುದರಿಂದ ಶೇ. 10ರವರೆಗೆ ಕಾಯಿ, 60ರವರೆಗೆ ದೋರೆಗಾಯಿ, ಅದರಾಚೆಗೆ ಹಣ್ಣು ಎಂದು ಕೂಡಿಸಿದೆ. ಚಿತ್ರಗಳನ್ನು ವಿಶ್ಲೇಷಿಸುವ ಓಪನ್‌ಸಿವಿ ತಂತ್ರಾಂಶದಲ್ಲಿ ವರ್ಣದ ಅಳತೆ 0ಯಿಂದ 179ರವರೆಗೆ ಸುತ್ತುವುದರಿಂದ ಕೆಂಪು ಎರಡೂ ತುದಿಗಳಲ್ಲಿ ಬೀಳುತ್ತದೆ; ಒಂದೇ ತುದಿಯನ್ನು ಹುಡುಕಿದರೆ ಚೆನ್ನಾಗಿ ಮಾಗಿದ ಹಣ್ಣೇ ಕೈತಪ್ಪುತ್ತದೆ. ಸಿಪ್ಪೆಯ ಹೊಳಪನ್ನು ತಗ್ಗಿಸಲು ದೀಪಕ್ಕೆ ಬಿಳಿಯ ಪರದೆ ಕಟ್ಟಿದೆ. ಟೊಮೆಟೊ ಹೂವಿನ ಕಡೆಯ ತುದಿಯಿಂದ ಬಣ್ಣ ತಿರುಗಲು ಆರಂಭಿಸುತ್ತದೆ, ಬೆಲ್ಟಿನ ಮೇಲೆ ತೊಟ್ಟು ಮೇಲಾಗಿ ಕೂತ ಹಣ್ಣಿನ ಆ ತುದಿ ಮೇಲಿನ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಹಣ್ಣನ್ನು ಎತ್ತಿದ ಮೇಲೆ ಕೆಳಗಿನ ಇನ್ನೊಂದು ಕ್ಯಾಮೆರಾದ ಮೇಲೆ ಹಾಯಿಸಿ, ಬೆರಳುಗಳ ಸಂದಿನಲ್ಲಿ ಕಾಣುವ ಅಡಿಯನ್ನೂ ನೋಡಿ ತೀರ್ಮಾನಿಸುತ್ತದೆ. ಮೇಲಿನ ನೋಟದಲ್ಲಿಯೇ ಕೆಂಪು ಎನಿಸಿದರೆ 24, ಹಸಿರು ಎನಿಸಿದರೆ 34 ಕಿಲೋಪ್ಯಾಸ್ಕಲ್ ಹಿಡಿತ.

ಬೆರಳಿಗೆ ಬಳಸುವ ಸಿಲಿಕೋನ್ ಆಹಾರ ಮುಟ್ಟಲು ಯೋಗ್ಯವೆಂದು ತಯಾರಕರ ದಾಖಲೆ ಇರುವಂಥದ್ದೇ, ಶೋರ್ ಎ 20 ಗಡಸುತನದ್ದು. ಅದಕ್ಕೆ ನೀಲಿ ವರ್ಣದ್ರವ್ಯ ಬೆರೆಸುತ್ತೇನೆ. ನೀಲಿ ಬಣ್ಣದ ಹಣ್ಣು ತರಕಾರಿ ತೀರಾ ಕಡಿಮೆ, ಹಾಗಾಗಿ ಚೂರು ಹರಿದು ಬಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಅಚ್ಚಿನಿಂದ ತೆಗೆದ ಬೆರಳನ್ನು 80 ಡಿಗ್ರಿಯಲ್ಲಿ ಎರಡು ಗಂಟೆ, 100 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಉಳಿದ ಆವಿಯಂಶವನ್ನು ಓಡಿಸುತ್ತೇನೆ. ಸಿಲಿಕೋನಿನ ಮೈ ದೂಳನ್ನು ಸೆಳೆಯುವುದರಿಂದ ಪ್ರತಿ ಪಾಳಿಯ ಕೊನೆಗೆ ಸೋಪುನೀರಿನಲ್ಲಿ ತೊಳೆಯುವುದು ಅನಿವಾರ್ಯ, ಆದರೆ ಒದ್ದೆ ಸಿಲಿಕೋನ್ ಒದ್ದೆ ಸಿಪ್ಪೆಯ ಮೇಲೆ ಜಾರುತ್ತದೆ. ಒಳಮೈಗೆ ಅಡ್ಡಲಾಗಿ 1 ಮಿ.ಮೀ. ಎತ್ತರದ ದುಂಡಂಚಿನ ಏಣುಗಳನ್ನು ಕೊಟ್ಟ ಮೇಲೆ ನೀರು ನಡುವಿನ ತಗ್ಗುಗಳಿಗೆ ಸರಿದು, ಹಿಡಿತ ಬಹುಮಟ್ಟಿಗೆ ಹಿಂದಿರುಗಿತು.

ಬಾಳಿಕೆಯ ಪರೀಕ್ಷೆ ಈಗಲೂ ಮೇಜಿನ ಒಂದು ಮೂಲೆಯಲ್ಲಿ ನಡೆಯುತ್ತಿದೆ. ಈ ಪರೀಕ್ಷೆಗೆ ಇಟ್ಟ ಎರಡನೆಯ ಬೆರಳು 14,200ನೆಯ ಬಾಗಿಗೆ ನಾಲ್ಕನೆಯ ಕೋಣೆಯ ಒಳಮೂಲೆಯಲ್ಲಿ ಸೀಳಿತು. ಕೊಯ್ದು ನೋಡಿದಾಗ ಸೀಳು ಅಚ್ಚಿನ ಮುದ್ರಣ ಪದರದ ಗೆರೆಯೊಂದನ್ನೇ ಹಿಡಿದು ಓಡಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಗೆರೆ ಸಿಲಿಕೋನಿಗೆ ಹರಿಯಲು ದಾರಿ ತೋರಿಸಿತ್ತು. ಒಳಮೂಲೆಗಳಿಗೆಲ್ಲ 0.8 ಮಿ.ಮೀ. ದುಂಡು ಕೊಟ್ಟು, ಅಚ್ಚಿನ ಒಳತಿರುಳನ್ನು 400ರ ಮರಳುಕಾಗದದಿಂದ ನೀರಿನಲ್ಲಿ ಉಜ್ಜಿ ಎರೆದ ಹೊಸ ಬೆರಳು ಇಂದು ಬೆಳಿಗ್ಗೆ 31,000 ದಾಟಿದೆ. ಸ್ಟ್ರಾಬೆರಿ ಇನ್ನೂ ಉಳಿದಿದೆ. ಅದರ ಮೊನೆಯಾದ ಅಡಿ ಮೂರು ಬೆರಳುಗಳ ನಡುವೆ ನಿಲ್ಲದೆ ಜಾರುತ್ತದೆ, ಈ ಬೆರಳಿನ ತುದಿ ಅದಕ್ಕೆ ತೀರಾ ಅಗಲ. 55 ಮಿ.ಮೀ. ಉದ್ದ, 12 ಮಿ.ಮೀ. ಅಗಲದ ನಾಲ್ಕು ಬೆರಳುಗಳಿಗೆ ಅಚ್ಚು ಮುದ್ರಣವಾಗುತ್ತಿದೆ. ಅದರಲ್ಲಿ ಗೋಡೆಯ ದಪ್ಪ 0.9 ಮಿ.ಮೀ.ಗೆ ಇಳಿಯುವುದರಿಂದ, ಗುಳ್ಳೆ ತೆಗೆಯುವ ಸಮಯವನ್ನು ಎರಡು ನಿಮಿಷದಿಂದ ನಾಲ್ಕಕ್ಕೆ ಏರಿಸಿ ಎರೆಯಲಿದ್ದೇನೆ.